ಜನಿವಾರದ ಕೀಲಿಕೈ

ಬಾಯಿ ಮುಚ್ಚಿಕೋ ಎಂದು ಮಗಳಿಗೆ ಹೇಳಬೇಕೆಂದು ತಿರುಮಲೇಶ್ವರನಿಗೆ ಮೂಡುಬಿದಿರೆಯಲ್ಲಿ ಬಸ್ಸು ಹತ್ತಿದಾಗಿನಿಂದ ಅನ್ನಿಸುತ್ತಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ಎಂಟು ವರ್ಷದ ಹುಡುಗಿಗೆ ಯಾಕೆ ಎಂದು ಕೇಳಲು ಕಲಿಸಿದವನೂ ಅವನೇ. ಬೆಳುವಾಯಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು, ಪ್ರಶ್ನೆ ಕೇಳದ ಮಗುವಿಗೂ ಬೆಂಚಿಗೂ ವ್ಯತ್ಯಾಸವಿಲ್ಲ ಎಂದು ಪ್ರತಿ ವರ್ಷ ಹೆತ್ತವರ ಸಭೆಯಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಳ್ಳುವವನು. ಈಗ ತುಂಗಾ ಕಿಟಕಿಯ ಸರಳು ಹಿಡಿದು, ಬಾಯಿ ಅರ್ಧ ತೆರೆದು, ಗಾಳಿ ಕುಡಿಯುತ್ತ ಕೂತಿದ್ದಳು. ಮೇಲಿನ ಹಲ್ಲುಗಳ ಮೇಲೆ ಅಡ್ಡಕ್ಕೆ ಹಾಯ್ದ ತಂತಿ ಬಿಸಿಲು ಬಿದ್ದಾಗಲೆಲ್ಲ ಮಿಂಚುತ್ತಿತ್ತು. ಮಿಂಚಲಿ, ಬಸ್ಸಿನಲ್ಲಿ ಯಾರಿದ್ದಾರೆ ಎಂದುಕೊಂಡ. ಆದರೆ ಬಸ್ಸು ಹೋಗಿ ನಿಲ್ಲುವುದು ನಾರಾವಿಯಲ್ಲಿ, ನಾರಾವಿಯಲ್ಲಿರುವುದು ಹೆಂಡತಿ ಶಂಕರಿಯ ತವರು, ತವರಿನಲ್ಲಿರುವುದು ಶಂಕರಿಯ ಅಣ್ಣ ವೆಂಕಟೇಶ್ವರ ಭಾವ. ಇವತ್ತು ಭಾವನ ಮಗನ ಉಪನಯನ.

ಭಾವನಿಗೂ ಅವನಿಗೂ ಜಗಳವೇನೂ ಇರಲಿಲ್ಲ. ಜಗಳವಿದ್ದಿದ್ದರೆ ಎಷ್ಟೋ ಮೇಲಿತ್ತು. ಮದುವೆಯ ದಿನ ಮದುಮಗನ ಕಾಲು ತೊಳೆದ ಕೂಡಲೇ ಮುಖ ಎತ್ತಿ ನೋಡಿದ ಭಾವ, ಚಪ್ಪರದಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ, "ಇನ್ನು ನಮ್ಮ ಶಂಕರಿಗೆ ಹೆರೆಮಣೆ ಬೇರೆ ಕೊಡ್ಲಿಕ್ಕಿಲ್ಲ, ತೆಂಗಿನಕಾಯಿ ಹೆರೆಯುವ ವ್ಯವಸ್ಥೆ ಹುಡುಗನಲ್ಲೇ ಉಂಟು" ಎಂದಿದ್ದ. ಭಾವಂದಿರು ತಮಾಷೆ ಮಾಡುವುದು ಊರಿನ ರೂಢಿ, ಸಿಟ್ಟು ಮಾಡಿದವನೇ ಸಣ್ಣವನು. ತಿರುಮಲೇಶ್ವರ ಸಣ್ಣವನಾಗದೆ ನಕ್ಕಿದ್ದ. ನಗುವಾಗ ಬಲಗೈ ತಾನಾಗಿ ಎದ್ದು ಬಾಯಿಗೆ ಅಡ್ಡ ಬಂದಿತ್ತು, ಕಿರುಬೆರಳು ಮಾತ್ರ ಸ್ವಲ್ಪ ಮೇಲೆತ್ತಿ, ಇಲ್ಲದ ಮೀಸೆಯನ್ನು ಸರಿಪಡಿಸಿಕೊಳ್ಳುವವನ ಹಾಗೆ. ಆ ಕೈಯನ್ನು ಅವನು ಕಲಿತದ್ದು ಮಿಡ್ಲ್ ಸ್ಕೂಲಿನಲ್ಲಿ. ಗುಂಪಿನ ಫೋಟೋ ತೆಗೆಯುವ ದಿನ ಫೋಟೋದವನು ಕಪ್ಪು ಬಟ್ಟೆಯಿಂದ ತಲೆ ಹೊರಗೆ ಹಾಕಿ, ಹಿಂದಿನ ಸಾಲಿನ ಆ ಹುಡುಗ ಬಾಯಿ ಮುಚ್ಚಲಿ ಎಂದಾಗ ಅವನು ಬಾಯಿ ಮುಚ್ಚಿಯೇ ಇದ್ದ. ಆ ದಿನದಿಂದ ತುಟಿಗಳನ್ನು ನಂಬುವುದು ಬಿಟ್ಟು ಕೈಯನ್ನು ನಂಬಿದ. ಕ್ಲಾಸಿನಲ್ಲಿ ಅವನು ಬೋರ್ಡಿನ ಕಡೆ ತಿರುಗಿದಾಗ ಹುಡುಗರು ಅದೇ ಕೈ, ಅದೇ ಕಿರುಬೆರಳು ಮಾಡಿ ತೋರಿಸುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು. ತಿರುಗಿ ಹಿಡಿದರೆ ಯಾವುದಕ್ಕೆಂದು ಶಿಕ್ಷೆ ಕೊಡುವುದು?

ತುಂಗಾ ಹುಟ್ಟಿದಾಗ ತೊಟ್ಟಿಲು ನೋಡಲು ಬಂದ ಭಾವ, "ಉಳಿದದ್ದು ಯಾರ ಕಡೆಯದ್ದಾದರೂ ಆಗಲಿ, ಹಲ್ಲು ಮಾತ್ರ ನಮ್ಮ ಕಡೆಯದ್ದು ಬರಲಿ" ಎಂದು ಹರಸಿದ್ದ. ಬಂದದ್ದು ತಿರುಮಲೇಶ್ವರನ ಕಡೆಯದ್ದು. ಹಾಲುಹಲ್ಲು ಬಿದ್ದಾಗ ಅದನ್ನು ಸಗಣಿಯಲ್ಲಿಟ್ಟು ಹಂಚಿನ ಮಾಡಿನ ಮೇಲೆ ಎಸೆದು, ಒಳ್ಳೆ ಹಲ್ಲು ಕೊಡು ಎಂದು ಕೂಗಿ ಕುಣಿದ ಹುಡುಗಿಗೆ ಮಾಡು ಕೊಟ್ಟದ್ದು ಅಪ್ಪನ ಹಲ್ಲನ್ನೇ. ಎರಡು ಬಾಚಿಹಲ್ಲುಗಳು ಕೆಳತುಟಿಯ ಮೇಲೆ ಬಂದು ಕೂತ ದಿನ ಅವನಿಗೆ ಊಟ ಸೇರಿರಲಿಲ್ಲ. ಹೆಣ್ಣುಮಗಳು ಎಂಬ ಚಿಂತೆ ಅದಲ್ಲ, ಹಾಗೆಂದು ಅವನು ಎಷ್ಟೋ ಸಲ ತನಗೇ ಹೇಳಿಕೊಂಡಿದ್ದ. ಅವಳು ಕೈ ಅಡ್ಡ ಇಡದೆ ನಗಬೇಕು, ಅಷ್ಟೇ. ಲೋಕದಲ್ಲಿ ಬೇರೆ ಏನೂ ಆಗದಿದ್ದರೂ ಅದೊಂದು ಆಗಬೇಕು. ಈ ಆಸೆ ಮಾತ್ರ ನಿಜವಾಗಿತ್ತು, ಅವನ ಇತರ ಆದರ್ಶಗಳ ಹಾಗೆ ಸಭೆಗೆಂದು ಇಟ್ಟದ್ದಲ್ಲ.

ಮಂಗಳೂರಿನ ಹಲ್ಲಿನ ಡಾಕ್ಟರು ತುಂಗೆಯ ಬಾಯಿಯೊಳಗೆ ಪುಟ್ಟ ಕನ್ನಡಿ ಹಾಕಿ ನೋಡಿ, ಆಮೇಲೆ ಅಪ್ಪನ ಬಾಯಿಯನ್ನು ಕನ್ನಡಿಯಿಲ್ಲದೆಯೇ ನೋಡಿ, "ಗೊತ್ತಾಯಿತು" ಎಂದಿದ್ದರು. "ಒಳ್ಳೆ ಪ್ರಾಯದಲ್ಲಿ ತಂದಿದ್ದೀರಿ. ಈಗ ದವಡೆ ಹೇಳಿದ ಹಾಗೆ ಕೇಳ್ತದೆ. ದೊಡ್ಡವಳಾದ ಮೇಲೆ ಬಂದಿದ್ದರೆ ಕಷ್ಟ ಇತ್ತು." ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ತಿರುಮಲೇಶ್ವರ ಕೂಡಲೇ ಒದಗಿಸಿದ. ಡಾಕ್ಟರಿಗೆ ಗಾದೆ ಬೇಕಿರಲಿಲ್ಲ. ಬಾಯಿಗೆ ಹಿಟ್ಟಿನಂಥದ್ದನ್ನು ತುಂಬಿ ಅಚ್ಚು ತೆಗೆದು, ಮುಂದಿನ ತಿಂಗಳು ಗುಲಾಬಿ ಬಣ್ಣದ ಒಂದು ಪ್ಲೇಟನ್ನು ಕೊಟ್ಟರು. ಅದು ಅಂಗುಳಕ್ಕೆ ಅಂಟಿ ಕೂರುತ್ತದೆ, ಮುಂದಿನ ತಂತಿ ಹಲ್ಲನ್ನು ಹಿಂದಕ್ಕೆ ಒತ್ತುತ್ತದೆ. ನಡುವೆ ಸೀಳು, ಸೀಳಿನಲ್ಲಿ ಒಂದು ಸಣ್ಣ ತಿರುಪು. ವಾರಕ್ಕೊಮ್ಮೆ ಆ ತಿರುಪನ್ನು ಕಡ್ಡಿಯಂಥ ಕೀಲಿಯಿಂದ ಒಂದಿಷ್ಟು ತಿರುಗಿಸಿದರೆ ದವಡೆ ಹಿಗ್ಗಿ ಹಲ್ಲಿಗೆ ಜಾಗವಾಗುತ್ತದೆ. "ಊಟಕ್ಕೆ ಮಾತ್ರ ತೆಗೆಯಬೇಕು. ನಡುವೆ ಬಿಟ್ಟರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹಲ್ಲು ಹಳೇ ಜಾಗಕ್ಕೆ ಬರ್ತದೆ, ದವಡೆಯ ಪ್ರಾಯ ನಮಗೆ ಕಾಯುವುದಿಲ್ಲ." ಡಾಕ್ಟರಲ್ಲೂ ಗಾದೆಯಿತ್ತು ಎಂದು ಅವನಿಗೆ ಖುಷಿಯಾಯಿತು.

ಆ ಕೀಲಿಯನ್ನು ಅವನು ಜನಿವಾರಕ್ಕೆ ಕಟ್ಟಿಕೊಂಡ. ಜನಿವಾರ ತೆಗೆದು ಎಸೆಯಬೇಕೆಂದು ಕಾಲೇಜಿನ ದಿನಗಳಲ್ಲಿ ನಿರ್ಧರಿಸಿದ್ದ. ಆ ನಿರ್ಧಾರ ಈಗಲೂ ಹಾಗೆಯೇ ಇತ್ತು, ಜನಿವಾರವೂ ಹಾಗೆಯೇ ಇತ್ತು. ಎರಡಕ್ಕೂ ನೋವಾಗದಂತೆ ಅದಕ್ಕೊಂದು ಉಪಯೋಗ ಕಂಡುಹಿಡಿದು ಕಪಾಟಿನ ಕೀಲಿಕೈ ನೇತುಹಾಕಿದ್ದ, ಊರಿನ ಎಲ್ಲ ಭಟ್ಟರ ಹಾಗೆ. ಈಗ ಅದರ ಪಕ್ಕದಲ್ಲಿ ತುಂಗೆಯ ದವಡೆಯ ಕೀಲಿ. ಆದಿತ್ಯವಾರ ಸ್ನಾನ ಮುಗಿಸಿ ಮಗಳನ್ನು ಬೆಳಕಿಗೆ ಕೂರಿಸಿ, ಪ್ಲೇಟನ್ನು ಕೈಯಲ್ಲಿ ಹಿಡಿದು ತಿರುಪು ತಿರುಗಿಸುವಾಗ, ಗಾಯತ್ರಿ ಜಪದಲ್ಲಿ ಎಂದೂ ಬಾರದ ಏಕಾಗ್ರತೆ ಅವನಿಗೆ ಬರುತ್ತಿತ್ತು. ಮತ್ತೆ ಬಾಯಿಗಿಟ್ಟಾಗ ತುಂಗೆಯ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು. "ನೋವಾದರೆ ಕೆಲಸ ಆಗ್ತಾ ಉಂಟು ಅಂತ ಲೆಕ್ಕ" ಎನ್ನುತ್ತಿದ್ದ. ಒಂದು ಆದಿತ್ಯವಾರ ಶಂಕರಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿಮ್ಮ ಹಲ್ಲಿನ ಮೇಲಿನ ಸಿಟ್ಟನ್ನು ಅವಳ ಬಾಯಲ್ಲಿ ತೀರಿಸಬೇಡಿ" ಎಂದಿದ್ದಳು. ಶಂಕರಿಯ ಹಲ್ಲು ಸಾಲಾಗಿ, ಬೆಳ್ಳಗೆ, ಯಾರ ಹಂಗೂ ಇಲ್ಲದೆ ಇತ್ತು. ಅಂಥವರಿಗೆ ಮಾತಾಡುವುದು ಸುಲಭ.

"ಮಗುವಿಗೆ ತಂತಿ ಹಾಕಿಸಿದ್ದಾ ಮಾಸ್ಟ್ರೇ?" ಎಂದು ಎದುರಿನ ಸೀಟಿನಿಂದ ಅಬ್ದುಲ್ ಹಕೀಂ ಕೇಳಿದರು. ಮೂಡುಬಿದಿರೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಶಾಲೆಯ ಯೂನಿಫಾರ್ಮು ಅವರದೇ. "ನನ್ನ ಮಗ ದುಬಾಯಿಯಿಂದ ಬಂದಾಗ ಹೇಳ್ತಿದ್ದ, ಅಲ್ಲಿ ದೊಡ್ಡ ದೊಡ್ಡವರ ಮಕ್ಕಳೆಲ್ಲ ಬಾಯಿಗೆ ತಂತಿ ಹಾಕಿಕೊಂಡು ತಿರುಗ್ತಾರಂತೆ." ದೊಡ್ಡವರ ಮಕ್ಕಳು ಎಂದದ್ದು ತಿರುಮಲೇಶ್ವರನಿಗೆ ಹಿಡಿಸಿತು. ದವಡೆ ಎಂದರೇನು, ಹಾಲುಹಲ್ಲಿನ ಪ್ರಾಯದಲ್ಲೇ ಯಾಕೆ ಹಿಡಿಯಬೇಕು ಎಂದು ಶಿರ್ತಾಡಿ ಬರುವ ತನಕ ವಿವರಿಸಿದ. ಗಿಡ ಬಗ್ಗಿತು, ಮರ ಬಗ್ಗಲಿಲ್ಲ. "ತೋರಿಸು ಮಗಳೇ ಹಕೀಂ ಕಾಕನಿಗೆ" ಎಂದ. ತುಂಗಾ ಪ್ಲೇಟನ್ನು ನಾಲಗೆಯಿಂದಲೇ ಕಳಚಿ, ಅಂಗೈಯಲ್ಲಿಟ್ಟು, ಬಾಯಿ ತುಂಬ ನಕ್ಕಳು. ಕೈ ಅಡ್ಡ ಬರಲಿಲ್ಲ. "ಎಷ್ಟು ಹುಷಾರಿ ಹುಡುಗಿ" ಎಂದು ಹಕೀಂ ಮೆಚ್ಚಿದರು. ಅವರು ಶಿರ್ತಾಡಿಯಲ್ಲಿ ಇಳಿದುಹೋದ ಮೇಲೆ ತಿರುಮಲೇಶ್ವರ ಮಗಳ ಕಿವಿಯ ಹತ್ತಿರ ಬಗ್ಗಿ, "ಮಾವನ ಮನೆಯಲ್ಲಿ ಬಾಯಿ ಜಾಸ್ತಿ ತೆರೆಯಬೇಡ" ಎಂದ.

"ಯಾಕೆ ಅಪ್ಪ?"

"ಯಾಕೆ ಅಂತ ಎಲ್ಲದಕ್ಕೂ ಕೇಳಬಾರದು."

ಅವನ ಯೋಚನೆ ಹೀಗಿತ್ತು: ಒಂದೆರಡು ವರ್ಷ ಕಳೆಯಲಿ, ಹಲ್ಲು ಸಾಲಿಗೆ ಬರಲಿ. ಆಮೇಲೊಂದು ದಿನ ನಾರಾವಿಗೆ ಬಂದು ಭಾವನ ಮುಂದೆ ಮಗಳನ್ನು ನಗಿಸುವುದು. ಇದೇನು ಭಾವ, ಹಲ್ಲು ನಮ್ಮ ಕಡೆಯದ್ದಾಯಿತಲ್ಲ ಎಂದು ಅವನು ಬೆರಗಾಗಬೇಕು. ಪ್ರಾಯಕ್ಕೆ ಬಂದಾಗ ತಾನಾಗಿಯೇ ಸರಿಯಾಯಿತು ಎಂದು ಇವನು ಹಗುರವಾಗಿ ಹೇಳಬೇಕು. ಡಾಕ್ಟರು, ತಂತಿ, ತಿರುಪು ಒಂದೂ ಆ ಮಾತಿನಲ್ಲಿ ಬರಬಾರದು. ಈಗಲೇ ಗೊತ್ತಾದರೆ ಹೆರೆಮಣೆಗೆ ರಿಪೇರಿ ಮಾಡಿಸುತ್ತಿದ್ದಾರಂತೆ ಎಂಬ ಸುದ್ದಿ ಬೆಳ್ತಂಗಡಿಯ ತನಕ ಹೋಗುತ್ತದೆ. ಉಪನಯನದ ಕೆಲಸಕ್ಕೆಂದು ಮೊದಲೇ ತವರಿಗೆ ಹೊರಟ ಶಂಕರಿಯಿಂದ ಮಾತು ತೆಗೆದುಕೊಂಡಿದ್ದ. "ಹೇಳಿದರೆ ಎಂತ ಆಗ್ತದೆ? ಮಗುವಿಗೆ ಮದ್ದು ಮಾಡಿಸುವುದು ಕಳ್ಳತನವಾ?" ಎಂದು ಕೇಳಿ, ಅವನ ಮುಖ ನೋಡಿ, "ಆಯ್ತು, ನಾನಾಗಿ ಹೇಳುವುದಿಲ್ಲ" ಎಂದಿದ್ದಳು. ಊಟದ ಹೊತ್ತಿಗೆ ಪ್ಲೇಟು ಹಾಕಿಡುವ ಸ್ಟೀಲಿನ ಲೋಟವನ್ನು ಅವಳು ಬಟ್ಟೆಯ ಜೊತೆ ಕಟ್ಟಿ ತೆಗೆದುಕೊಂಡು ಹೋಗಿದ್ದಳು. ಆ ಲೋಟದ ವಿಷಯ ಅವನಿಗೆ ನೆನಪಾದದ್ದು ಎಲೆಯ ಮುಂದೆ ಕೂತ ಮೇಲೆ.

ಚಪ್ಪರದಡಿ ಗಂಡಸರ ಪಂಕ್ತಿ ಕೂತಿತ್ತು. ಅಂಗಿ ಬಿಚ್ಚಿ, ಶಾಲು ಹೊದ್ದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿರುಮಲೇಶ್ವರ ಕೂತ. ಅನ್ನ ಬಂತು, ತೊವ್ವೆ ಬಂತು, ಭಾವ ತಾನೇ ತುಪ್ಪದ ಪಾತ್ರೆ ಹಿಡಿದು ಸಾಲಿನ ಆ ತುದಿಯಿಂದ ಬರುತ್ತಿದ್ದ. ಆಗ ತುಂಗಾ ಅಭ್ಯಾಸದಂತೆ ಎರಡು ಬೆರಳು ಬಾಯಿಗೆ ಹಾಕಿ ಪ್ಲೇಟನ್ನು ಕಳಚಿದಳು. ಜೊಲ್ಲಿನ ಒಂದೆಳೆ ತುಟಿಯಿಂದ ಪ್ಲೇಟಿನವರೆಗೆ ಎಳೆದುಕೊಂಡು ತುಂಡಾಯಿತು. "ಅಪ್ಪ, ಲೋಟ?" ಎದುರು ಸಾಲಿನಲ್ಲಿ ಪುರೋಹಿತರು ಎಲೆಯ ಸುತ್ತ ನೀರು ಸುತ್ತಿಸಲು ಅಂಗೈ ಹಿಡಿದಿದ್ದರು. ಬಾಯಿಯಿಂದ ತೆಗೆದ ವಸ್ತು, ಪಂಕ್ತಿಯ ನಡುವೆ. ಎಲೆಯ ಮೇಲಿಟ್ಟರೆ ಊಟದ ಮೊದಲೇ ಎಂಜಲು. ಕೈಯಲ್ಲಿ ಹಿಡಿದರೆ ಕೈ ಎಂಜಲು. ಎದ್ದು ಒಳಗೆ ಹೋಗುವುದೆಂದರೆ ಕೂತ ಸಾಲನ್ನು ಮುರಿದ ಹಾಗೆ, ಊರೆಲ್ಲ ನೋಡುತ್ತದೆ. ಅಂಗಿಯಿದ್ದಿದ್ದರೆ ಜೇಬಿತ್ತು. ಶಾಲಿನ ತುದಿಗೆ ಕಟ್ಟಿಕೊಳ್ಳಬಹುದಿತ್ತು, ಆದರೆ ಅದನ್ನೂ ಅವರು ನೋಡುತ್ತಾರೆ. ಎಂಜಲು ಎಂಬುದು ರೋಗಾಣುವಿನ ಪ್ರಶ್ನೆಯೇ ಹೊರತು ಶಾಸ್ತ್ರದ್ದಲ್ಲ ಎಂದು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಅವನು ಬರೆದ ಲೇಖನವಿತ್ತು. ಅದರಿಂದ ಈಗ ಪ್ರಯೋಜನವಾಗಲಿಲ್ಲ. ತುಪ್ಪದ ಪಾತ್ರೆ ಹತ್ತಿರ ಬರುತ್ತಿತ್ತು.

"ಎಲೆಯ ಅಡಿಯಲ್ಲಿ ಇಡು" ಎಂದು ಪಿಸುಗುಟ್ಟಿದ.

"ಅಲ್ಲಿ ಸಗಣಿ ಉಂಟು ಅಪ್ಪ."

"ಇಡು ಹೇಳಿದ್ದಲ್ವಾ."

ತುಂಗಾ ಎಲೆಯ ಅಂಚನ್ನು ಎತ್ತಿ ಪ್ಲೇಟನ್ನು ಒಳಗೆ ತಳ್ಳಿದಳು. ಎಲೆ ಆ ಜಾಗದಲ್ಲಿ ಸ್ವಲ್ಪ ಉಬ್ಬಿ ನಿಂತಿತು, ತೊವ್ವೆ ಹರಿದು ಪಲ್ಯದ ಕಡೆ ಹೋಯಿತು. ಭಾವ ಬಂದು ತುಪ್ಪ ಬಡಿಸಿದ, ಉಬ್ಬು ನೋಡಲಿಲ್ಲ. ನೋಡಿದ್ದು ಇವನ ಮುಖವನ್ನು. "ಭಾವ, ಒಂದು ಚೂರ್ಣಿಕೆ ಆಗಲಿ. ಹಲ್ಲು ಸವೆಯುವ ಹೆದರಿಕೆ ನಿಮಗಿಲ್ಲ, ಬೇಕಾದಷ್ಟು ದಾಸ್ತಾನು ಉಂಟು." ಸಾಲೆಲ್ಲ ನಕ್ಕಿತು. ತಿರುಮಲೇಶ್ವರನೂ ನಕ್ಕ, ಎಂಜಲಾಗದ ಎಡಗೈ ಈ ಸಲ ಅಡ್ಡ ಬಂತು. ಆದರೆ ಊಟದ ನಡುವೆ ಹೇಳುವ ಆ ಉದ್ದದ ಸಂಸ್ಕೃತದ ಸ್ತೋತ್ರವನ್ನು ಅವನಂತೆ ಒಂದೇ ಉಸಿರಿಗೆ ಹೇಳುವವರು ಆ ಚಪ್ಪರದಲ್ಲಿ ಇರಲಿಲ್ಲ. ಅದನ್ನು ಹೇಳುವಾಗ ಮಾತ್ರ ಅವನ ಬಾಯಿ ಅವನಿಗೆ ವಿಧೇಯವಾಗಿರುತ್ತಿತ್ತು. ಕಣ್ಣು ಮುಚ್ಚಿ ಹೇಳಿದ. ಕೊನೆಗೆ ಪಂಕ್ತಿ ಒಟ್ಟಾಗಿ ಹರ ಹರ ಮಹಾದೇವ ಎಂದು ಕೂಗಿದಾಗ ಎದೆ ತುಂಬಿ ಬಂತು. ದೇವರನ್ನು ನಂಬದವನಿಗೆ ಇಷ್ಟು ಸುಖ ಕೊಡುವ ದೇವರ ಸ್ತೋತ್ರ ಇನ್ನೊಂದಿಲ್ಲ. ಹೋಳಿಗೆ ಬಂತು, ಇನ್ನೊಂದು ಹೇಳಿ ಎಂದರು, ಹೇಳಿದ. ಪಾಯಸ ಬಂತು. ಹಿರಿಯರು ಎದ್ದಾಗ ಎಲ್ಲರ ಜೊತೆ ಎದ್ದು, ಮಗಳ ಕೈ ಹಿಡಿದು, ಹೊಗಳಿಕೆಯ ಮಾತು ಕೇಳುತ್ತ ಕೈ ತೊಳೆಯಲು ಹೋದ.

ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಾಗ ತುಂಗಾ ಶಾಲು ಎಳೆದು, "ಅಪ್ಪ, ನನ್ನ ಪ್ಲೇಟು" ಎಂದಳು. ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. ಚಪ್ಪರದಲ್ಲಿ ಎಲೆ ತೆಗೆದಾಗಿತ್ತು, ಸಗಣಿ ಬಳಿಯುತ್ತಿದ್ದರು. ಎಲೆಗಳೆಲ್ಲ ದನದ ಹಟ್ಟಿಯ ಆಚೆಗಿನ ಗೊಬ್ಬರದ ಗುಂಡಿಗೆ ಹೋಗಿದ್ದವು.

"ಹುಡುಕುವ ಅಪ್ಪ, ಬನ್ನಿ."

"ಈಗ ಬೇಡ. ಜನ ಉಂಟು. ಎಲ್ಲ ಹೋದ ಮೇಲೆ ನೋಡುವ."

"ದನ ತಿಂದರೆ?"

"ದನ ತಂತಿ ತಿನ್ನುವುದಿಲ್ಲ" ಎಂದ. ವಿಜ್ಞಾನದ ಮಾಸ್ಟರನಾಗಿ ಅದು ಸುಳ್ಳು ಎಂದು ಅವನಿಗೆ ಗೊತ್ತಿತ್ತು. ಡಾಕ್ಟರ ಮಾತು ನೆನಪಾಯಿತು. ಇನ್ನೊಂದು ಮಾಡಿಸಬೇಕಾದರೆ ಮತ್ತೆ ಅಚ್ಚು, ಮತ್ತೆ ತಿಂಗಳುಗಳು, ಅಷ್ಟರಲ್ಲಿ ಹಲ್ಲು ಹಿಂದಿನ ಜಾಗಕ್ಕೆ. ಈಗಲೇ ಎದ್ದು ಹೋಗಿ ಗುಂಡಿಗೆ ಇಳಿದರೆ ಸಿಕ್ಕೀತು. ಇಳಿಯಬೇಕು, ಎಂಜಲೆಲೆಗಳನ್ನು ಒಂದೊಂದಾಗಿ ಮಗುಚಬೇಕು, ಸ್ವಲ್ಪ ಮೊದಲು ಚೂರ್ಣಿಕೆ ಹೇಳಿ ಹೊಗಳಿಸಿಕೊಂಡವನು. ಇನ್ನೊಂದು ಎಲೆಗೆ ಸುಣ್ಣ ಹಚ್ಚಿದ.

ಆಗ ಭಾವ ಅಡಿಕೆ ಹಾಳೆಯ ತುಂಡೊಂದನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಹಿಡಿದುಕೊಂಡು ಚಪ್ಪರದ ಕಡೆಯಿಂದ ಬಂದ. ಅದರ ಮೇಲೆ, ಸಗಣಿ ಮೆತ್ತಿಕೊಂಡು, ಗುಲಾಬಿ ಬಣ್ಣದ ಪ್ಲೇಟು. "ಬಳಿಯುವಾಗ ಸಿಕ್ಕಿದ್ದು. ಯಾರ ದವಡೆ ಬಿದ್ದದ್ದು ಮಾರಾಯ್ರೆ? ಯಾರಾದರೂ ಹೋಳಿಗೆಗೆ ಸೋತು ಬಿಟ್ಟುಹೋದದ್ದಾ?" ಎಲ್ಲರೂ ಮೂಲೆಯಲ್ಲಿದ್ದ ಮಹಾಲಿಂಗಜ್ಜನನ್ನು ನೋಡಿದರು. ಎಂಬತ್ತು ದಾಟಿದ ಅಜ್ಜ, "ನನ್ನದು ನನ್ನ ಬಾಯಲ್ಲೇ ಉಂಟು" ಎಂದು ತುಟಿ ಎತ್ತಿ ಸಾಕ್ಷಿ ತೋರಿಸಿ ಸಿಟ್ಟಿನಿಂದ ಕೂತರು. ಪುರೋಹಿತರು ಮಾತ್ರ ನಗಲಿಲ್ಲ. ಬಗ್ಗಿ ನೋಡಿ, ಮುಟ್ಟದೆ, "ಇದು ಎಲುಬಿನದ್ದಾದರೆ ಪುಣ್ಯಾಹ ಆಗ್ಬೇಕು. ಅಷ್ಟರ ತನಕ ಹೆಂಗಸರ ಪಂಕ್ತಿ ಕೂರುವ ಹಾಗಿಲ್ಲ" ಎಂದರು. ಒಳಬಾಗಿಲಲ್ಲಿ ಹಸಿದ ಹೆಂಗಸರು ಸೇರಿದ್ದರು, ಅವರ ನಡುವೆ ಎಲೆಯ ಕಟ್ಟು ಹಿಡಿದು ಶಂಕರಿ. ಅವಳು ಹಾಳೆಯ ಮೇಲಿದ್ದದ್ದನ್ನು ನೋಡಿದಳು, ಮಗಳನ್ನು ನೋಡಿದಳು, ಗಂಡನನ್ನು ನೋಡಿ ಅಲ್ಲಿಗೆ ಕಣ್ಣು ನಿಲ್ಲಿಸಿದಳು.

"ನಮ್ಮಲ್ಲಿ ಸೈನ್ಸಿನವರು ಇದ್ದಾರಲ್ಲ" ಎಂದ ಭಾವ. "ಇದೆಂತ ಹೇಳಿ ಭಾವ."

ಹಾಳೆ ಅವನ ಮುಂದೆ ಬಂತು. ತಿರುಮಲೇಶ್ವರ ಗಂಟಲು ಸರಿಮಾಡಿಕೊಂಡ. ಎಲುಬಲ್ಲ ಎಂದ. ಇದು ಒಂದು ಜಾತಿಯ ಪ್ಲಾಸ್ಟಿಕ್ಕು, ಪ್ರಾಣಿಯ ಸಂಬಂಧವೇ ಇಲ್ಲ, ಪುಣ್ಯಾಹದ ಅಗತ್ಯವಿಲ್ಲ. ಪುರೋಹಿತರು ತಲೆಯಾಡಿಸಿದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಇಷ್ಟು ಜನ ಬಾಯಿ ಬಿಟ್ಟು ಕೇಳುವುದು ಕ್ಲಾಸಿನಲ್ಲೂ ಇರಲಿಲ್ಲ. ಹಲ್ಲಿನ ಸಾಲು ಸರಿಮಾಡಲು ಸಣ್ಣ ಮಕ್ಕಳಿಗೆ ಹಾಕುವಂಥದ್ದು, ಈ ತಂತಿ ಹಿಂದಕ್ಕೆ ಒತ್ತುತ್ತದೆ, ನಡುವೆ ಇಲ್ಲೊಂದು ತಿರುಪು ಉಂಟು, ಒಂದು ಸಣ್ಣ ಕೀಲಿಯಿಂದ ಎನ್ನುತ್ತ ಅವನ ಕೈ ರೂಢಿಯಂತೆ ಎದೆಗೆ ಹೋಯಿತು. ಹೋದ ಕೈ ಅಲ್ಲೇ ನಿಂತು, ಶಾಲನ್ನು ಎಳೆದು ಜನಿವಾರದ ಮೇಲೆ ಹೊದಿಸಿತು.

"ಇಷ್ಟೆಲ್ಲ ಗೊತ್ತುಂಟು. ಯಾರದ್ದು ಅಂತ ಮಾತ್ರ ಗೊತ್ತಿಲ್ವಾ?" ಎಂದ ಭಾವ.

ನಮ್ಮ ತುಂಗೆಯದ್ದು. ಎರಡೇ ಶಬ್ದ. ಅಬ್ದುಲ್ ಹಕೀಮರಿಗೆ ಶಿರ್ತಾಡಿಯ ತನಕ ಹೇಳಿದ್ದನ್ನು ಇಲ್ಲಿ ಎರಡು ಶಬ್ದದಲ್ಲಿ ಹೇಳಿದರೆ ಮುಗಿಯಿತು. ಹೇಳುತ್ತೇನೆ ಎಂದುಕೊಂಡ, ನಗು ಒಮ್ಮೆ ಇಳಿಯಲಿ. ನಗು ಇಳಿಯಲಿಲ್ಲ, ಅವನೂ ನಕ್ಕ. ಎಡಗೈ ಶಾಲಿನ ಮೇಲೆ ಕೀಲಿಯನ್ನು ಒತ್ತಿ ಹಿಡಿದಿತ್ತು, ಬಲಗೈ ಬಾಯಿಗೆ ಅಡ್ಡ ಬಂದಿತ್ತು, ಬೇರೆ ಕೈ ಉಳಿದಿರಲಿಲ್ಲ.

"ಮಾಸ್ಟ್ರಿಗೆ ಗೊತ್ತಿಲ್ಲದ್ದು ಎಂತ ಉಂಟು" ಎಂದಳು ಶಂಕರಿ ಬಾಗಿಲಿನಿಂದ. ಜನ ಅದನ್ನು ಹೊಗಳಿಕೆ ಎಂದೇ ತಿಳಿದರು.

ಭಾವ ಹಾಳೆಯನ್ನು ತಿರುಗಿಸಿ ನೋಡಿದ. ಸಣ್ಣ ಬಾಯಿಯದ್ದು. ಅವನ ಮುಖದ ತಮಾಷೆ ಸ್ವಲ್ಪ ಕಡಿಮೆಯಾಯಿತು. ತುಂಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಮಾತಾಡಿದ. ಅಂಥ ಒಂದು ದನಿ ಭಾವನಲ್ಲಿದೆ ಎಂದು ತಿರುಮಲೇಶ್ವರನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. "ಮಗಾ, ಇದು ನಿನ್ನದಾ? ಹೆದರಬೇಡ. ನಿನ್ನದಾದರೆ ಬಿಸಿನೀರಲ್ಲಿ ಚೆಂದ ತೊಳೆದು ಕೊಡ್ತೇನೆ. ಯಾರೂ ಎಂತದೂ ಹೇಳುವುದಿಲ್ಲ."

ತುಂಗಾ ಅಪ್ಪನನ್ನು ನೋಡಿದಳು. ಶಾಲಿನ ಮೇಲಿನ ಕೈಯನ್ನು ನೋಡಿದಳು, ಅದರ ಕೆಳಗೆ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಬಾಯಿಯ ಮೇಲಿನ ಕೈಯನ್ನು ನೋಡಿದಳು. ಆದಿತ್ಯವಾರ ಬೆಳಿಗ್ಗೆ ಬಾಯಿ ತೆರೆದು ಕೂತು ನೋವಿಗೆ ಕಾಯುವಾಗ ನೋಡುವ ಹಾಗೆ, ಅವನು ಏನಾದರೂ ಹೇಳುತ್ತಾನೆಂದು ಕಾಯುತ್ತ ನೋಡಿದಳು. ಎರಡು ಕೈಗಳೂ ಇದ್ದಲ್ಲೇ ಇದ್ದವು. ಯಾಕೆ ಎಂದು ಅವಳು ಈ ಸಲ ಕೇಳಲಿಲ್ಲ.

"ಅಲ್ಲ ಮಾವ, ನನ್ನದಲ್ಲ" ಎಂದಳು.

"ಹಾಗಾದರೆ ಗುಂಡಿಗೆ" ಎಂದು ಭಾವ ಎದ್ದ. ಹಟ್ಟಿಯ ಆಚೆ ಹೋಗಿ ಹಾಳೆಯ ಸಮೇತ ಎಸೆದದ್ದು ಜಗಲಿಗೆ ಕಾಣಿಸಿತು. ಹೆಂಗಸರಿಗೆ ಎಲೆ ಹಾಕಲು ಶಂಕರಿ ಚಪ್ಪರದ ಕಡೆ ನಡೆದಳು, ಗಂಡನ ಪಕ್ಕದಿಂದಲೇ ಹೋದರೂ ತಿರುಗಿ ನೋಡಲಿಲ್ಲ. ಮಹಾಲಿಂಗಜ್ಜ ಮೂಲೆಯಿಂದ, "ಯಾರದ್ದೋ ಏನೋ, ನಾಳೆ ಗುಂಡಿಯೇ ಹಲ್ಲು ಬಿಟ್ಟು ನಗ್ತದೆ" ಎಂದರು. ಜಗಲಿಯೆಲ್ಲ ಗೊಳ್ಳೆಂದಿತು. ಅಜ್ಜನ ಮಾತಿಗೆ ತುಂಗೆಗೂ ನಗು ಬಂತು, ಮಕ್ಕಳಿಗೆ ಬರುವಂಥ ತಡೆಯಲಾರದ ನಗು. ನಗುತ್ತಿದ್ದ ಹಾಗೆ ಅವಳ ಬಲಗೈ ತಾನಾಗಿ ಎದ್ದು ಬಾಯಿಗೆ ಅಡ್ಡ ಬಂತು, ಕಿರುಬೆರಳು ಮಾತ್ರ ಸ್ವಲ್ಪ ಮೇಲೆತ್ತಿ.